ಗಾಜಿಗೆ ಅಂಟಿದ ಫೋಟೋ, ನಾಲ್ಕು ಜಿಬಿ ರ‍್ಯಾಮು ಮತ್ತು ಕರಿಯ

ಆಲ್ದೂರಿನ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಹಂಚಿನ ಮನೆ, ಪಡಸಾಲೆಯ ಪಶ್ಚಿಮದ ಗೋಡೆಗೆ ಮಳೆ ನೇರವಾಗಿ ಬಡಿಯುತ್ತದೆ. ಆ ಗೋಡೆಗೇ ಐವತ್ತು ವರ್ಷದಿಂದ ಒಂದು ಗ್ರೂಪ್ ಫೋಟೋ ನೇತುಹಾಕಿದ್ದರು. 1971ರದ್ದು, ಕಪ್ಪು ಬಿಳುಪು, ಎಂಟು ಇಂಚು ಹತ್ತು ಇಂಚಿನದು. ಕಾಫಿ ಒಣಗಿಸುವ ಕಣದಲ್ಲಿ ಹದಿನಾಲ್ಕು ಜನ. ನಡುವೆ ಕುರ್ಚಿಯಲ್ಲಿ ನಮ್ಮಜ್ಜ, ಪಕ್ಕದಲ್ಲಿ ಆಗಷ್ಟೇ ಮದುವೆಯಾಗಿ ಬಂದ ದೊಡ್ಡಮ್ಮ, ಕೆಳಗೆ ಚಡ್ಡಿ ಹಾಕಿಕೊಂಡು ಕೂತಿರುವ ನಮ್ಮಪ್ಪ.

ಈ ಸಲ ಗೌರಿ ಹಬ್ಬಕ್ಕೆ ಹೋದಾಗ ಸುಣ್ಣ ಬಳಿಯಲೆಂದು ಫೋಟೋ ಇಳಿಸಿದ್ದರು. ಹಿಂದಿನ ರಟ್ಟು ಗೆದ್ದಲು ತಿಂದು ಪುಡಿಯಾಗಿತ್ತು. ಫೋಟೋ ಮಾತ್ರ ಗಾಜನ್ನು ಬಿಡುತ್ತಿಲ್ಲ, ಗಮ್ಮು ಹಾಕಿ ಅಂಟಿಸಿದ ಹಾಗೆ. ದೀಪಾವಳಿ ಹೊತ್ತಿಗೆ ಸರಿ ಮಾಡಿಕೊಡ್ತೀಯಾ ಮಗಾ ಅಂದರು ದೊಡ್ಡಮ್ಮ. ಹೂಂ ಅಂದುಬಿಟ್ಟೆ. ಚಿಕ್ಕಮಗಳೂರಿನಲ್ಲಿ ನನಗೆ ಡಿಟಿಪಿ, ಜೆರಾಕ್ಸು, ಲ್ಯಾಮಿನೇಷನ್ ಕೆಲಸ. ಫೋಟೋ ರಿಪೇರಿ ನನ್ನ ಕಸುಬಲ್ಲ, ಆದರೆ ಮನೆಯವರಿಗೆ ಕಂಪ್ಯೂಟರ್ ಮುಂದೆ ಕೂರುವವನೆಂದರೆ ಎಲ್ಲಾ ಬಲ್ಲವನು, ಅಲ್ವಾ?

ಮೊದಲು ಒಂದು ಎಚ್ಚರಿಕೆ. ಬೆಂಗಳೂರಿನಿಂದ ಬಂದಿದ್ದ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಬ್ಲೇಡು ಹಿಡಿದು ಎಬ್ಬಿಸಲು ಹೊರಟಿದ್ದ. ಆಗಲಿಲ್ಲ ಅಂದರೆ ನೀರಲ್ಲಿ ನೆನೆಸೋಣ ಅಂದ. ಎರಡೂ ಬೇಡ ಅಂದೆ. ಹಳೇ ಕಪ್ಪು ಬಿಳುಪು ಫೋಟೋದಲ್ಲಿ ಚಿತ್ರ ಇರುವುದು ಕಾಗದದಲ್ಲಲ್ಲ, ಅದರ ಮೇಲಿನ ತೆಳು ಜೆಲಟಿನ್ ಪದರದಲ್ಲಿ. ಬೆಳ್ಳಿಯ ಸಣ್ಣ ಕಣಗಳು ಆ ಪದರದೊಳಗೆ ಕೂತಿರುತ್ತವೆ. ಮಳೆಗಾಲದ ಶೀತಕ್ಕೆ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ, ಗಾಜು ತಾಗಿಕೊಂಡೇ ಇದ್ದರೆ ಬೇಸಿಗೆಯಲ್ಲಿ ಒಣಗುವಾಗ ಅದಕ್ಕೇ ಕಚ್ಚಿಕೊಳ್ಳುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಅಜ್ಜನ ಮುಖ ಗಾಜಿನಲ್ಲೇ ಉಳಿಯುತ್ತದೆ. ಬೂಷ್ಟು ಬೇರೆ ಹಿಡಿದಿತ್ತು. ಬೂಷ್ಟು ತಿಂದ ಜೆಲಟಿನ್ ನೀರು ಕಂಡರೆ ಕರಗಿ ಹರಿದರೂ ಹರಿಯಿತು. ಹಾಗಾಗಿ ಗಾಜಿನ ಸಮೇತ, ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ.

ಅಂಗಡಿಯಲ್ಲಿರುವುದು ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುವ ತೆಳ್ಳಗಿನ ಸ್ಕ್ಯಾನರು. ಆಧಾರ್ ಕಾರ್ಡಿಗೆ, ಮಾರ್ಕ್ಸ್ ಕಾರ್ಡಿಗೆ ಸಾಕು. ಗಾಜನ್ನು ಅದರ ಮೇಲಿಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಹದಿನಾಲ್ಕು ಜನರೂ ಮಂಜಿನಲ್ಲಿ ನಿಂತ ಹಾಗೆ ಬಂದರು. ಸ್ಕ್ಯಾನರಿನ ಗಾಜು ಕೊಳೆಯಾಗಿದೆಯೇನೋ ಅಂತ ಅರ್ಧ ಗಂಟೆ ಒರೆಸಿದ ಮೇಲೆ ತಲೆಗೆ ಹೊಳೆಯಿತು. ಈ ತೆಳು ಸ್ಕ್ಯಾನರುಗಳಲ್ಲಿ ಸಿಐಎಸ್ ಅನ್ನುವ ಬಗೆಯ ಸೆನ್ಸರ್ ಇರುತ್ತದೆ. ಕಾಗದ ಸ್ಕ್ಯಾನರಿನ ಗಾಜಿಗೆ ತಾಗಿಕೊಂಡಿದ್ದರೆ ಮಾತ್ರ ಅದಕ್ಕೆ ಸ್ಪಷ್ಟ ಕಾಣುತ್ತದೆ. ನಡುವೆ ಫ್ರೇಮಿನ ಗಾಜಿನ ದಪ್ಪ ಬಂತು, ಫೋಕಸ್ ಹೋಯಿತು. ಸಿಸಿಡಿ ಅನ್ನುವ ಇನ್ನೊಂದು ಬಗೆಯ ಸೆನ್ಸರಿನ, ದಪ್ಪ ಹೊಟ್ಟೆಯ ಹಳೇ ಸ್ಕ್ಯಾನರು ಇದ್ದಿದ್ದರೆ ಸ್ವಲ್ಪ ದೂರದ್ದೂ ಹಿಡಿಯುತ್ತಿತ್ತು. ಊರಲ್ಲಿ ಮೂರು ಕಡೆ ಕೇಳಿದೆ, ಎಲ್ಲರೂ ಗುಜರಿಗೆ ಹಾಕಿದ್ದಾರೆ.

ಆದರೆ ಹಾಗೆ ಕೇಳುತ್ತಾ ಹೋಗಿದ್ದಕ್ಕೇ ಒಂದು ಲಾಭ ಆಯಿತು. ಫಿಲಂ ಕಾಲದಲ್ಲಿ ಸ್ಟುಡಿಯೋ ನಡೆಸಿದ್ದ ಹಿರಿಯರೊಬ್ಬರ ಹಿತ್ತಲಲ್ಲಿ ಎನ್‌ಲಾರ್ಜರ್ ಬಿದ್ದಿತ್ತು. ಡಾರ್ಕ್‌ರೂಮಿನಲ್ಲಿ ನೆಗೆಟಿವ್‌ನಿಂದ ದೊಡ್ಡ ಪ್ರಿಂಟು ಹಾಕುವ ಯಂತ್ರ. ತಲೆ ತುಕ್ಕು ಹಿಡಿದು ಹೋಗಿದೆ, ಆದರೆ ಮರದ ಹಲಗೆ, ಅದರ ಮೇಲೆ ನೆಟ್ಟಗೆ ನಿಂತ ಕಬ್ಬಿಣದ ಕಂಬ, ತಿರುಗಿಸಿದರೆ ಮೇಲೆ ಕೆಳಗೆ ಹೋಗುವ ಹಿಡಿಕೆ ಎಲ್ಲಾ ಗಟ್ಟಿಮುಟ್ಟು. ತಗೊಂಡು ಹೋಗಪ್ಪ, ಹಾವು ಸೇರ್ಕೊಂಡೀತು ಅಂದರು. ತಲೆ ಬಿಚ್ಚಿ ಅಲ್ಲಿ ಕ್ಯಾಮೆರಾ ಕೂರಿಸಿದೆ. ಕ್ಯಾಮೆರಾ ಕೆಳಗಿನ ತೂತಿಗೆ ಹಾರ್ಡ್‌ವೇರ್ ಅಂಗಡಿಯ ಕಾಲಿಂಚು ಬೋಲ್ಟು ಸರಿಯಾಗಿ ಕೂರುತ್ತದೆ. ಉದ್ದ ಜಾಸ್ತಿ ಇದ್ದರೆ ಒಳಗೆ ಚುಚ್ಚುತ್ತದೆ, ಎರಡು ವಾಷರ್ ಹಾಕಿ. ಮದುವೆ ಫೋಟೋ ತೆಗೆಯುವ ಗೆಳೆಯನಿಂದ 24 ಮೆಗಾಪಿಕ್ಸೆಲ್ ಕ್ಯಾಮೆರಾ, 18-55 ಲೆನ್ಸು ಎರಡು ದಿನಕ್ಕೆ ಕಡ.

ಕ್ಯಾಮೆರಾ ಹಲಗೆಗೆ ಸರಿಯಾಗಿ ಸಮ ಇದೆಯಾ ಅಂತ ನೋಡಲು ಮಟ್ಟಗೋಲು ಬೇಡ. ಫೋಟೋ ಇಡುವ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಡಿ, ಲೈವ್ ವ್ಯೂನಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಪರದೆಯ ನಟ್ಟನಡುವೆ ಕಂಡರೆ ಸಮ ಇದೆ ಅಂತ. ನಾನು ಕುಂಕುಮದ ಭರಣಿಯ ಕನ್ನಡಿ ಬಳಸಿದೆ.

ಬೆಳಕಿಗೆ ಒಂದೇ ಕಂಪನಿಯ 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು, ಎರಡೂ ಪಕ್ಕದಿಂದ ಸುಮಾರು 45 ಡಿಗ್ರಿ ಓರೆಯಲ್ಲಿ, ಮುಂದೆ ಬಟರ್ ಪೇಪರ್. ನೇರ ಮೇಲಿನಿಂದ ಬೆಳಕು ಬಿಟ್ಟರೆ ಗಾಜು ಹೊಳೆಯುತ್ತದೆ. ಹಳೇ ಫೋಟೋದ ಕಪ್ಪು ಭಾಗಗಳಲ್ಲಿ ಬೆಳ್ಳಿ ಮೇಲೆದ್ದು ನೀಲಿ ಕನ್ನಡಿಯ ಹಾಗೆ ಮಿನುಗುತ್ತಿರುತ್ತದೆ, ಓರೆ ಬೆಳಕಿನಲ್ಲಿ ಅದೂ ಅಡಗುತ್ತದೆ. ಕ್ಯಾಮೆರಾದ ನೆರಳೇ ಗಾಜಿನಲ್ಲಿ ಕಾಣುತ್ತಿತ್ತು. ಅದಕ್ಕೆ ಲೆನ್ಸಿನ ಸುತ್ತ ಕಪ್ಪು ಬಟ್ಟೆ ಬೇಕು. ಮಾಲೆ ಹಾಕಿದಾಗ ಉಟ್ಟ ಕಪ್ಪು ಪಂಚೆ ಮನೆಯಲ್ಲಿತ್ತು, ಅದಕ್ಕೆ ತೂತು ಮಾಡಲು ಮನಸ್ಸು ಬರಲಿಲ್ಲ. ಕಪ್ಪು ಡ್ರಾಯಿಂಗ್ ಶೀಟು ತಂದು ಕತ್ತರಿಸಿದೆ. ಐಎಸ್‌ಒ 100, ಎಫ್ 8, ಅರ್ಧ ಸೆಕೆಂಡು, ಎರಡು ಸೆಕೆಂಡಿನ ಟೈಮರು, ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ರಾ ಫೈಲು. ಕಡೆಗೆ ದೊಡ್ಡಮ್ಮನ ಫೋಟೋ ಎತ್ತಿ ಪಕ್ಕಕ್ಕಿಟ್ಟು, ಅದೇ ಜಾಗದಲ್ಲಿ ಖಾಲಿ ಬಿಳಿ ಹಾಳೆ ಇಟ್ಟು, ಏನೂ ಬದಲಿಸದೆ ಇನ್ನೊಂದು ಶಾಟ್. ಈ ಬಿಳಿ ಹಾಳೆಯ ಶಾಟ್ ಮರೆಯಬೇಡಿ, ಯಾಕೆ ಅಂತ ಮುಂದೆ ಬರುತ್ತದೆ.

ಇನ್ನು ಕಂಪ್ಯೂಟರ್ ಕಥೆ. ಅಂಗಡಿಯದು ಹಳೇ ಐ3, ನಾಲ್ಕು ಜಿಬಿ ರ‍್ಯಾಮು, ಹಾರ್ಡ್ ಡಿಸ್ಕು. ಎರಡು ವರ್ಷದ ಹಿಂದೆ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ಚಿತ್ರದ ಕೆಲಸಕ್ಕೆ ಗಿಂಪ್, ರಾ ಫೈಲಿಗೆ ಡಾರ್ಕ್‌ಟೇಬಲ್. ಎರಡೂ ಪುಕ್ಕಟೆ, ಬಾಡಿಗೆ ಇಲ್ಲ, ಲಾಗಿನ್ ಇಲ್ಲ, ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಆ ಕೊನೆಯದೇ ದೊಡ್ಡ ಮಾತು. ಗಿಂಪ್ ಮಾತ್ರ ಮಿಂಟಿನ ಭಂಡಾರದಲ್ಲಿದ್ದ ಹಳೇದು ಬಿಟ್ಟು, ಹೊಸ ಆವೃತ್ತಿ ಸಿಗುವ ಫ್ಲ್ಯಾಟ್‌ಪ್ಯಾಕ್‌ನಿಂದ 3.0 ಹಾಕಿಕೊಂಡೆ. 2025ರ ಮಾರ್ಚ್‌ನಲ್ಲಿ ಬಂದ ಆವೃತ್ತಿ ಅದು. ಬೆಳಕು ನೆರಳು ತಿದ್ದುವ ಕರ್ವ್ಸ್, ಮಬ್ಬು ಮಾಡುವ ಬ್ಲರ್ ಮುಂತಾದ ಫಿಲ್ಟರ್‌ಗಳು ಇದರಲ್ಲಿ ಲೇಯರಿನ (ಚಿತ್ರದ ಪದರದ) ಮೇಲೆ ಬೇರೆಯಾಗಿಯೇ ಕೂರುತ್ತವೆ, ನಾಳೆ ಬಂದು ಬದಲಿಸಬಹುದು, ತೆಗೆಯಬಹುದು. ಹಳೇ ಗಿಂಪ್‌ನಲ್ಲಿ ಒಮ್ಮೆ ಒತ್ತಿದರೆ ಒತ್ತಿದ ಹಾಗೇ.

ಹುಮ್ಮಸ್ಸಿನಲ್ಲಿ ಡಾರ್ಕ್‌ಟೇಬಲ್‌ನಿಂದ 32 ಬಿಟ್ ಟಿಫ್ ತೆಗೆದು, ಗಿಂಪ್‌ನಲ್ಲಿ ತೆರೆದು, ಚಿತ್ರವನ್ನು ಹಲವು ಲೇಯರುಗಳಾಗಿ ಬಿಡಿಸುವ ವೇವ್‌ಲೆಟ್ ಡಿಕಂಪೋಸ್ ಒತ್ತಿದೆ. ಮೌಸ್ ನಿಂತಿತು. ಹಾರ್ಡ್ ಡಿಸ್ಕು ಕಾಫಿ ಪಲ್ಪರ್ ತರ ಸದ್ದು ಮಾಡಲು ಶುರು ಮಾಡಿತು. ಚಾ ಕುಡಿದು ಬಂದೆ, ಹಾಗೇ ಇದೆ. ಪಕ್ಕದ ಅಂಗಡಿಯವನ ಜೊತೆ ಅಡಿಕೆ ರೇಟು ಮಾತಾಡಿ ಬಂದೆ, ಹಾಗೇ ಇದೆ. ಅಷ್ಟರಲ್ಲಿ ಕರೆಂಟು ಹೋಯಿತು, ನನ್ನ ಯುಪಿಎಸ್ ಎರಡು ಸಲ ಕಿಂವ್ ಅಂದು ಅದೂ ಮಲಗಿತು.

ಕತ್ತಲಲ್ಲಿ ಕೂತು ಲೆಕ್ಕ ಹಾಕಿದೆ, ಇದನ್ನು ಮೊದಲೇ ಹಾಕಬೇಕಿತ್ತು. 6000 ಗುಣಿಸು 4000, ಅಂದರೆ 2 ಕೋಟಿ 40 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ, ಆಲ್ಫಾ (ಪಾರದರ್ಶಕತೆ) ಅಂತ ನಾಲ್ಕು, ಒಂದೊಂದಕ್ಕೂ 32 ಬಿಟ್ ಅಂದರೆ 4 ಬೈಟ್. ಪಿಕ್ಸೆಲ್‌ಗೆ 16 ಬೈಟ್. ಒಂದು ಲೇಯರ್‌ಗೇ 384 ಎಂಬಿ. ವೇವ್‌ಲೆಟ್ ಡಿಕಂಪೋಸ್ ಐದು ಹಂತ, ಮೇಲೊಂದು ಉಳಿಕೆ, ಒಟ್ಟು ಆರು ಲೇಯರ್ ಮಾಡುತ್ತದೆ. ಎರಡೂಕಾಲು ಜಿಬಿ ಮೀರಿತು, ಮೂಲ ಲೇಯರ್ ಬೇರೆ, ಅಂಡೂ ಇತಿಹಾಸ ಬೇರೆ. ನಾಲ್ಕು ಜಿಬಿ ಯಂತ್ರ ಇನ್ನೇನು ಮಾಡೀತು ಪಾಪ.

ಎರಡು ಕೆಲಸ ಮಾಡಿದೆ. ಸೆಕೆಂಡ್ ಹ್ಯಾಂಡ್ ಡಿಡಿಆರ್3 ಕಡ್ಡಿಗಳನ್ನು ತಂದು ಎಂಟು ಜಿಬಿ ಮಾಡಿದೆ, ಗಿಂಪ್‌ನ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್ ರಿಸೋರ್ಸಸ್ ಒಳಗೆ ಟೈಲ್ ಕ್ಯಾಶೆ, ಅಂದರೆ ಗಿಂಪ್ ಚಿತ್ರಕ್ಕೆ ಬಳಸಬಹುದಾದ ರ‍್ಯಾಮಿನ ಮಿತಿ, ಐದು ಜಿಬಿಗೆ ಏರಿಸಿದೆ. ಆದರೆ ನಿಜವಾಗಿ ಕೆಲಸ ಕೊಟ್ಟದ್ದು ಎರಡನೆಯದು. ಅಂಚು ಕತ್ತರಿಸಿ 4800 ಗುಣಿಸು 3840ಕ್ಕೆ ತಂದು, ಕೆಲಸವೆಲ್ಲ 16 ಬಿಟ್ ಗ್ರೇಸ್ಕೇಲ್‌ನಲ್ಲಿ, ಅಂದರೆ ಪಿಕ್ಸೆಲ್‌ಗೆ ಬೂದು ಮತ್ತು ಆಲ್ಫಾ ಎರಡೇ ಇಟ್ಟುಕೊಂಡು, ಮಾಡುವುದೆಂದು ತೀರ್ಮಾನಿಸಿದೆ. ಈಗ ಲೇಯರಿಗೆ 74 ಎಂಬಿ ಆಸುಪಾಸು. ಐದರಲ್ಲೊಂದು ಪಾಲು! ಫೋಟೋ ಹೇಗೂ ಕಪ್ಪು ಬಿಳುಪು, ಬಣ್ಣ ಯಾರಿಗೆ ಬೇಕು? 16ನ್ನು 8ಕ್ಕೆ ಇಳಿಸಲು ಮಾತ್ರ ಹೋಗಲಿಲ್ಲ. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು. ಮಾಸಿದ ಫೋಟೋ ಅದರಲ್ಲಿ ನಡುವಿನ ನೂರು ಮೆಟ್ಟಿಲಷ್ಟೇ ಬಳಸುತ್ತಿರುತ್ತದೆ. ಅದನ್ನು ಎಳೆದು ಹಿಗ್ಗಿಸಿದರೆ ಅಜ್ಜನ ಬಿಳಿ ಅಂಗಿಯ ಮೇಲೆ ಪಟ್ಟೆ ಪಟ್ಟೆ ಬರುತ್ತದೆ. ಗಿಂಪ್ ಬಹಳ ವರ್ಷ 8 ಬಿಟ್‌ನಲ್ಲೇ ಇತ್ತು, 2018ರ 2.10ರಲ್ಲಿ 16 ಮತ್ತು 32 ಬಿಟ್‌ಗೆ ಬಂತು. ಅದಕ್ಕೂ ಮುಂಚೆ ಬಳಸಿ ಬಿಟ್ಟವರು ಈಗ ಒಮ್ಮೆ ನೋಡಬಹುದು.

ಗ್ರೇಸ್ಕೇಲ್ ಮಾಡುವ ಮೊದಲು ಬಣ್ಣದಲ್ಲಿ ಎರಡು ಕೆಲಸ ಇತ್ತು. ಒಂದು, ಬಿಳಿ ಹಾಳೆಯ ಶಾಟ್. ಅದನ್ನು ಮೇಲಿನ ಲೇಯರಾಗಿ ಹಾಕಿ, ಜೋರಾಗಿ ಗಾಸಿಯನ್ ಬ್ಲರ್ ಮಾಡಿ, ಮೋಡ್ ಡಿವೈಡ್‌ಗೆ ಇಟ್ಟೆ. ನನ್ನ ಎಡಗಡೆ ಬಲ್ಬು ಸ್ವಲ್ಪ ಹತ್ತಿರ ಇತ್ತು, ಆ ಪಕ್ಕ ಬೆಳ್ಳಗಾಗಿತ್ತು. ಬಿಳಿ ಹಾಳೆಯಲ್ಲೂ ಅದೇ ಪಕ್ಕ ಅಷ್ಟೇ ಬೆಳ್ಳಗಿದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬಲ್ಬಿನ ತಪ್ಪು ಹೊಡೆದುಹೋಗಿ ಫೋಟೋ ಮಾತ್ರ ಉಳಿಯುತ್ತದೆ. ಮೋಡ್ ಬದಲಿಸಿದ ಕೂಡಲೇ ಇಡೀ ಕಣದ ಮೇಲೆ ಬೆಳಕು ಸಮ ಆಯಿತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ ಕ್ಷಣ.

ಎರಡನೆಯದು ಮೀಸೆ. ಹೇಳಲು ಮರೆತೆ. ದೊಡ್ಡಮ್ಮನ ಮುಖಕ್ಕೆ ಮೀಸೆ ಇತ್ತು. ಫ್ರೇಮು ಹಾಕಿಸುವ ಮೊದಲು, ಚಿಕ್ಕವನಿದ್ದಾಗ ಅಣ್ಣ ನೀಲಿ ಬಾಲ್‌ಪೆನ್ನಿನಲ್ಲಿ ಬರೆದದ್ದು. ತುದಿ ತಿರುವಿದ ಹುರಿ ಮೀಸೆ. ಆಗ ಬಿದ್ದ ಏಟನ್ನು ಈಗಲೂ ಹೇಳಿಕೊಂಡು ನಗುತ್ತಾನೆ.

ಕಪ್ಪು ಬಿಳುಪು ಫೋಟೋವನ್ನೂ ಬಣ್ಣದಲ್ಲೇ ಹಿಡಿಯಬೇಕು ಅನ್ನುವುದು ಇದಕ್ಕೇ. ಕಲರ್ಸ್, ಕಾಂಪೊನೆಂಟ್ಸ್, ಡಿಕಂಪೋಸ್ ಅಂತ ಹೋಗಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಲೇಯರ್ ಮಾಡಿದೆ. ನೀರಿನ ಕಲೆಗಳು ಹಳದಿ, ಕಂದು. ಹಳದಿ ಕಲೆ ನೀಲಿ ಬೆಳಕನ್ನು ನುಂಗುತ್ತದೆ, ಹಾಗಾಗಿ ನೀಲಿ ಲೇಯರಿನಲ್ಲಿ ಕಲೆ ಕಪ್ಪಗೆ ರಾಚುತ್ತದೆ, ಕೆಂಪಿನಲ್ಲಿ ಇದ್ದೂ ಇಲ್ಲದ ಹಾಗೆ. ನೀಲಿ ಶಾಯಿಯದು ಇದಕ್ಕೆ ಪೂರಾ ಉಲ್ಟಾ. ಕೆಂಪಿನಲ್ಲಿ ಮೀಸೆ ಗಡದ್ದಾಗಿ ಕೂತಿದೆ, ನೀಲಿಯಲ್ಲಿ ಮಾಸಿದ ಗೆರೆ ಅಷ್ಟೇ. ಆದ್ದರಿಂದ ಇಡೀ ಫೋಟೋಗೆ ಕೆಂಪು ಲೇಯರ್, ಅದರ ಮೇಲೆ ನೀಲಿ ಲೇಯರ್, ನೀಲಿಗೆ ಕಪ್ಪು ಮಾಸ್ಕ್ (ಕಪ್ಪಿದ್ದಲ್ಲಿ ಲೇಯರ್ ಮರೆ, ಬಿಳಿ ಇದ್ದಲ್ಲಿ ಕಾಣುತ್ತದೆ) ಹಾಕಿ ತುಟಿಯ ಮೇಲೆ ಮಾತ್ರ ಬಿಳಿ ಬ್ರಷ್‌ನಿಂದ ತೆರೆದೆ. ಎರಡರ ಹೊಳಪು ಬೇರೆ ಇದ್ದುದರಿಂದ ನೀಲಿಗೆ ಕರ್ವ್ಸ್ ಹಾಕಿ ಚರ್ಮದ ಬಣ್ಣಕ್ಕೆ ಹೊಂದಿಸಬೇಕಾಯಿತು. ಮೀಸೆ ಮುಕ್ಕಾಲು ಹೋಯಿತು. ಉಳಿದ ಗೆರೆಯನ್ನು, ಸುತ್ತಲಿನದಕ್ಕೆ ಹೊಂದಿಸಿ ಕಲೆ ಮುಚ್ಚುವ ಹೀಲ್ ಟೂಲ್, ಕೀಬೋರ್ಡಿನಲ್ಲಿ ಎಚ್, ಸಣ್ಣ ಬ್ರಷ್ ಹಿಡಿದು ಒಂದೊಂದೇ ಚುಕ್ಕೆಯಾಗಿ ತೆಗೆದೆ. ನೀಲಿ ಚಾನೆಲ್‌ನಲ್ಲಿ ತರಿ ಜಾಸ್ತಿ ಇರುತ್ತದೆ, ಅದು ಹೆಚ್ಚಿನ ಕ್ಯಾಮೆರಾಗಳ ಹಣೆಬರಹ.

ಆಮೇಲೆ ಎರಡನೇ ಸಲ ವೇವ್‌ಲೆಟ್ ಡಿಕಂಪೋಸ್. ಫಿಲ್ಟರ್ಸ್ ಒಳಗೆ ಎನ್‌ಹ್ಯಾನ್ಸ್‌ನಲ್ಲಿ ಇದೆ, ಪ್ಲಗಿನ್ ಬೇಡ. ಇದು ಏನು ಮಾಡುತ್ತದೆ ಅಂದರೆ ಚಿತ್ರವನ್ನು ಜರಡಿ ಹಿಡಿಯುತ್ತದೆ. ಕಾಫಿ ಬೀಜವನ್ನು ಗಾತ್ರ ನೋಡಿ ಬೇರೆ ಮಾಡುವ ಜರಡಿ ಇರುತ್ತದಲ್ಲ, ಹಾಗೆ. ಮೊದಲ ಲೇಯರಿನಲ್ಲಿ ಅತಿ ಸಣ್ಣ ವಿವರ, ಅಂದರೆ ಕೂದಲು, ನೂಲು, ತರಿ. ನಂತರದವುಗಳಲ್ಲಿ ಸ್ವಲ್ಪ ಸ್ವಲ್ಪ ದಪ್ಪದ್ದು. ಕೊನೆಯ ಉಳಿಕೆಯಲ್ಲಿ ಬರೀ ಮಬ್ಬು ಬೆಳಕು ನೆರಳು. ಎಲ್ಲಾ ಕೂಡಿಸಿದರೆ ಮೊದಲಿನ ಚಿತ್ರವೇ. ಅನುಕೂಲ ಏನೆಂದರೆ, ಸೀರೆಯ ಮೇಲೆ ಅಗಲವಾದ ಕಲೆ ಇದ್ದರೆ ಅದು ಉಳಿಕೆ ಲೇಯರಿನಲ್ಲಿರುತ್ತದೆ, ಸೀರೆಯ ನೇಯ್ಗೆ ಮೇಲಿನ ಲೇಯರುಗಳಲ್ಲಿರುತ್ತದೆ. ಉಳಿಕೆಯಲ್ಲಿ ಆ ಜಾಗ ಲ್ಯಾಸೊದಿಂದ ಸುತ್ತಿ, ಅಂಚು ಮೆತ್ತಗೆ ಮಾಡಿ ಬ್ಲರ್ ಕೊಟ್ಟರೆ ಕಲೆ ಸುತ್ತಲಿನೊಂದಿಗೆ ಬೆರೆಯುತ್ತದೆ, ನೇಯ್ಗೆಗೆ ಏನೂ ಆಗುವುದಿಲ್ಲ. ಬಿರುಕು, ಗೆರೆ, ಬೂಷ್ಟಿನ ಜೇಡರ ಬಲೆ ಎರಡು ಮೂರನೇ ಲೇಯರುಗಳಲ್ಲಿ ಸಿಗುತ್ತವೆ, ಅಲ್ಲಿ ಹೀಲ್ ಮಾಡಬೇಕು. ನಾಲ್ಕು ಸಂಜೆ ಇದನ್ನೇ ಮಾಡಿದೆ. ಅಂಗಡಿ ಬಾಗಿಲು ಅರ್ಧ ಎಳೆದು, ಹೊರಗೆ ಮಳೆ. ಗೋಡೆಯ ಕಲೆ ಹೋಯಿತು, ಸೀರೆಗಳ ಕಲೆ ಹೋಯಿತು, ಅಜ್ಜನ ಕಾಲ ಬಳಿ ಒಂದು ದೊಡ್ಡ ಕಪ್ಪು ಕಲೆ ಇತ್ತು, ಅದೂ ಹೋಯಿತು. ಆ ಕಪ್ಪು ಕಲೆಯ ಜಾಗದಲ್ಲಿ ಮೂರನೇ ಲೇಯರಿನಲ್ಲಿ ಎರಡು ಚೂಪು ಗೆರೆ ಉಳಿದಿದ್ದವು, ಬಿರುಕು ಅಂದುಕೊಂಡು ಅದನ್ನೂ ಅಳಿಸಿದೆ. ಕಣ ಕನ್ನಡಿ ತರ ಆಯಿತು.

ಹಿಂದಿನ ಸಾಲಿನ ಬಲತುದಿಯಲ್ಲಿ ನಿಂತವನ ಮುಖ ಅರ್ಧ ಇಲ್ಲ. ಬೂಷ್ಟು ಪದರವನ್ನೇ ತಿಂದು ಬಿಳಿ ಕಾಗದ ಕಾಣುತ್ತಿದೆ. ಅಣ್ಣನ ಮಗಳು ಮೊಬೈಲಿನ ಯಾವುದೋ ಎಐ ಆ್ಯಪಿಗೆ ಹಾಕಿ ಕಳಿಸಿದಳು, ನೋಡಿ ಚಿಕ್ಕಪ್ಪ ಎರಡೇ ಸೆಕೆಂಡು ಅಂತ. ಎಲ್ಲಾ ಮುಖವೂ ಪಾಲಿಶ್ ಆಗಿತ್ತು, ಅರ್ಧ ಮುಖದವನಿಗೆ ಪೂರಾ ಮುಖ ಬಂದಿತ್ತು. ಚಡ್ಡಿ ಹಾಕಿದ ನಮ್ಮಪ್ಪನ ಕಣ್ಣು ಮಾತ್ರ ನಮ್ಮಪ್ಪನದಲ್ಲ. ನಾನು ಆ ಕಣ್ಣು ನೋಡಿಕೊಂಡೇ ಬೆಳೆದವನು, ನನಗೆ ಗೊತ್ತಾಗುತ್ತದೆ. ಆ ಮೂಲೆಯವನನ್ನು ನೋಡಿಕೊಂಡು ಬೆಳೆದವರು ಯಾರಿದ್ದಾರೋ. ಆ ಬಿಳಿ ತೂತಿಗೆ ಸುತ್ತಲಿನ ಬೂದು ಬಣ್ಣ ತುಂಬಿ, ಕಣ್ಣಿಗೆ ಚುಚ್ಚದ ಹಾಗೆ ಮಾಡಿ ಬಿಟ್ಟೆ. ಮೂಗು, ಬಾಯಿ ಬರೆಯಲಿಲ್ಲ.

ಭಾನುವಾರ ಎ4 ಸೈಜಿನಲ್ಲಿ ಒಂದು ಪ್ರಿಂಟು ತೆಗೆದು ಆಲ್ದೂರಿಗೆ ಹೋದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಮೂಲೆಯವನ ಮೇಲೆ ಬೆರಳಿಟ್ಟು, "ಇವ್ರು ನಮ್ಮ ರೈಟರು, ತೋಟದ ಲೆಕ್ಕ ಎಲ್ಲಾ ಇವ್ರದೇ" ಅಂದರು. ಅರ್ಧ ಮುಖದಲ್ಲೇ ಗುರುತು ಹಿಡಿದರು. ನನಗೆ ಒಳಗೊಳಗೇ ಹೆಮ್ಮೆ. ಆಮೇಲೆ ಬೆರಳು ಅಜ್ಜನ ಕಾಲ ಹತ್ತಿರ ಬಂದು ನಿಂತಿತು.

"ಕರಿಯ ಎಲ್ಲಿ ಮಗಾ?"

ಯಾವ ಕರಿಯ?

"ನಾಯಿ ಕಣೋ. ಮಾವನ ಕಾಲ್ ಬುಡದಲ್ಲೇ ಮಲಗಿತ್ತು. ಫೋಟೋದವ್ರು ಓಡ್ಸಿದ್ರೂ ಏಳ್ಲಿಲ್ಲ."

ಆ ಎರಡು ಚೂಪು ಗೆರೆ ಬಿರುಕಲ್ಲ, ಕಿವಿ. ನಾಲ್ಕು ಸಂಜೆ ಕೂತು ಕಲೆ ತೆಗೆಯುತ್ತಾ ತೆಗೆಯುತ್ತಾ ಮನೆಯ ನಾಯಿಯನ್ನೇ ತೆಗೆದಿದ್ದೆ. ಗಾಜಿಗೆ ಅಂಟಿದ ಮೂಲ ನೋಡಿದರೆ ಬರಿಗಣ್ಣಿಗೆ ಈಗಲೂ ಅದು ಕಲೆಯೇ, ಸುತ್ತ ಅಂಥದ್ದೇ ಹತ್ತು ಕಲೆ ಇವೆ. ಐವತ್ತು ವರ್ಷ ಅದರ ಕೆಳಗೆ ಓಡಾಡಿದ ದೊಡ್ಡಮ್ಮನಿಗೆ ಮಾತ್ರ ಅದು ಕರಿಯ.

ಅವತ್ತೇ ಸಂಜೆ ಬಸ್ಸಿಗೆ ವಾಪಸ್ಸು. ನನ್ನನ್ನು ಕಾಪಾಡಿದ್ದು ಒಂದು ಹಳೇ ಅಭ್ಯಾಸ. ಕೆಲಸದ ಫೈಲನ್ನು ಜೆಪೆಗ್ ಮಾಡಿ ಮುಗಿಸುವುದಿಲ್ಲ, ಗಿಂಪ್‌ನದೇ ಎಕ್ಸ್‌ಸಿಎಫ್‌ನಲ್ಲಿ ಎಲ್ಲಾ ಲೇಯರ್, ಎಲ್ಲಾ ಮಾಸ್ಕ್ ಸಮೇತ ಇಡುತ್ತೇನೆ. ಎಕ್ಸ್‌ಸಿಎಫ್ ಅಂದರೆ ಏನೆಂದು ಒಮ್ಮೆ ಹುಡುಕಿದ್ದೆ. ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಅನ್ನುವ ಇಬ್ಬರು 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಗಿಂಪ್ ಶುರು ಮಾಡಿದರು. ಎಕ್ಸ್‌ಪೆರಿಮೆಂಟಲ್ ಕಂಪ್ಯೂಟಿಂಗ್ ಫೆಸಿಲಿಟಿ ಅನ್ನುವುದು ಅಲ್ಲಿನ ವಿದ್ಯಾರ್ಥಿಗಳ ಕೂಟ, ಅದರ ಹೆಸರೇ ಫೈಲಿಗೂ ಬಂತು. ಆ ಹುಡುಗರು ಇಟ್ಟ ಹೆಸರಿನ ಫೈಲಿನೊಳಗೆ ಆಲ್ದೂರಿನ ನಾಯಿ ಬದುಕಿತ್ತು.

ವಾಪಸ್ ತರುವುದು ಸುಲಭ ಇತ್ತು, ಯಾಕೆಂದರೆ ಸರಿ ಮಾಡಿದ ವೇವ್‌ಲೆಟ್ ಗುಂಪನ್ನು ಒಂದೇ ಲೇಯರ್ ಮಾಡಿ ಕೆಂಪು ಲೇಯರಿನ ಮೇಲೆ ಇಟ್ಟಿದ್ದೆ, ಕೆಳಗಿನದು ಮುಟ್ಟದೆ ಹಾಗೇ ಇತ್ತು. ಮೇಲಿನದಕ್ಕೆ ಮಾಸ್ಕ್ ಹಾಕಿ ಅಜ್ಜನ ಕಾಲ ಬಳಿ ಕಪ್ಪು ಬ್ರಷ್ ಆಡಿಸಿದೆ. ಕಿವಿ ಬಂತು, ಬೆನ್ನು ಬಂತು, ಜೊತೆಗೆ ಅದರ ಮೇಲಿನ ಬೂಷ್ಟೂ ಬಂತು. ಈ ಸಲ ಯಾವುದು ನಾಯಿ ಯಾವುದು ಬೂಷ್ಟು ಅಂತ ಗೊತ್ತಾಗಲು ಕೆಂಪು, ನೀಲಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಬೂಷ್ಟಿನ ಕಲೆಗೆ ಕಂದು ಬಣ್ಣ ಇದೆ, ಎರಡರಲ್ಲಿ ಬೇರೆ ಬೇರೆ ಕಾಣುತ್ತದೆ. ನಾಯಿ ಬೆಳ್ಳಿಯಿಂದ ಆದದ್ದು, ಎರಡರಲ್ಲೂ ಅಷ್ಟೇ ಕಪ್ಪು. ಈ ಪರೀಕ್ಷೆ ಮೊದಲೇ ಮಾಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮೇಲಿನ ಮಾಸ್ಕಿನಲ್ಲಿ ಇನ್ನೂ ನಾಲ್ಕು ಕಡೆ ಹೀಗೇ ಹುಡುಕಿದೆ. ಒಂದು ಕಡೆ ಗೋಡೆಗೆ ಒರಗಿಸಿದ ಮೊರ ಸಿಕ್ಕಿತು, ಅದನ್ನೂ ಅಳಿಸಿದ್ದೆ. ಮೊರವನ್ನು ಯಾರೂ ಕೇಳಿರಲಿಲ್ಲ, ಆದರೂ ವಾಪಸ್ಸು ಇಟ್ಟೆ.

ಕೆಳಗೆ "ಆಲ್ದೂರು, 1971" ಅಂತ ಬರೆಸಬೇಕು ಅಂದಿದ್ದರು. ಪ್ರಿಂಟ್ ಹಾಕುವ ಕಡೆ ಅವರೇ ಬರೆದುಕೊಡುತ್ತೇವೆ ಅಂದರು, ಪರದೆ ಮೇಲೆ ತೋರಿಸಿದರೆ ಲ್ ಬೇರೆ ದೂ ಬೇರೆ, ಒತ್ತಕ್ಷರವೇ ಇಲ್ಲ. ಈಗಿನ ಕಂಪ್ಯೂಟರು, ಮೊಬೈಲು ಬಳಸುವ ಯೂನಿಕೋಡ್‌ನಲ್ಲಿ ಒತ್ತು, ಕಾಗುಣಿತ ಜೋಡಿಸುವ ಕೆಲಸ ಸಾಫ್ಟ್‌ವೇರಿನದು, ಅವರ ಹಳೇ ಸಾಫ್ಟ್‌ವೇರಿಗೆ ಅದು ಬರುತ್ತಿರಲಿಲ್ಲ. ಅದಕ್ಕೇ ಡಿಟಿಪಿಯವರು ಇನ್ನೂ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್ ಬಿಡುವುದಿಲ್ಲ, ಅದರಲ್ಲಿ ಒತ್ತು, ಕೊಂಬು ಎಲ್ಲಾ ಬೇರೆ ಬೇರೆ ತುಂಡು, ಸಾಫ್ಟ್‌ವೇರಿಗೆ ಕನ್ನಡ ಗೊತ್ತಿರಬೇಕಾಗಿಲ್ಲ. ಗಿಂಪ್‌ನ ಅಕ್ಷರದ ಹಿಂದೆ ಪ್ಯಾಂಗೊ, ಹಾರ್ಫ್‌ಬಜ್ ಇವೆ, ಅವು ಕನ್ನಡ ಸರಿಯಾಗಿ ಜೋಡಿಸುತ್ತವೆ. ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಿ ನಾನೇ ಬರೆದೆ. ಎಕ್ಸ್‌ಪೋರ್ಟ್ ಮಾಡಿದ ಮೇಲೆ ಅಕ್ಷರವೂ ಚಿತ್ರವೇ, ಯಾರ ಯಂತ್ರದಲ್ಲೂ ಒತ್ತು ಕಳಚುವುದಿಲ್ಲ.

ಹನ್ನೆರಡು ಇಂಚು ಹದಿನೈದು ಇಂಚಿನ ಪ್ರಿಂಟು. 4800 ಪಿಕ್ಸೆಲ್ ಹದಿನೈದು ಇಂಚಿಗೆ ಹಂಚಿದರೆ ಇಂಚಿಗೆ 320, ಸಾಕಷ್ಟಾಯಿತು. ಎಸ್‌ಆರ್‌ಜಿಬಿ ಜೆಪೆಗ್ ಕೊಟ್ಟೆ. ಮೊದಲ ಪ್ರಿಂಟು ಕಪ್ಪಾಗಿ ಬಂತು, ತಪ್ಪು ನನ್ನದೇ. ರಾತ್ರಿ ಕೆಲಸ ಮಾಡುತ್ತಾ ಮಾನಿಟರಿನ ಹೊಳಪು ಪೂರಾ ಏರಿಸಿದ್ದೆ. ಕರ್ವ್ಸ್ ಫಿಲ್ಟರ್ ತೆರೆದು ನಡುವಿನ ಬೂದನ್ನು ಸ್ವಲ್ಪ ಎತ್ತಿದೆ, ಎರಡನೆಯದು ಸರಿ ಬಂತು.

ಫ್ರೇಮಿನವರಿಗೆ ಒಂದೇ ಮಾತು ಹೇಳಿದೆ, ಗಾಜು ಫೋಟೋಗೆ ತಾಗಬಾರದು. ಸುತ್ತ ದಪ್ಪ ಮೌಂಟ್ ಬೋರ್ಡ್ ಕತ್ತರಿಸಿ ನಡುವೆ ಗಾಳಿ ಬಿಡಿಸಿದೆ. ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆ ತುಂಡು ಅಂಟಿಸಿದೆ, ಗೋಡೆಗೂ ತಾಗದ ಹಾಗೆ. ದೀಪಾವಳಿಗೆ ಎರಡು ದಿನ ಮುಂಚೆ ತಂದು, ಪಶ್ಚಿಮದ ಗೋಡೆ ಬಿಟ್ಟು ನಡುಮನೆಯ ಒಳಗೋಡೆಗೆ ಮೊಳೆ ಹೊಡೆದೆವು. ಮೂಲ ಫೋಟೋ ಗಾಜಿನ ಜೊತೆಯೇ ಬೀರುವಿನಲ್ಲಿ, ಮಲಗಿಸಿ ಇಟ್ಟಿದೆ.

ಮೊನ್ನೆ ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿದ. ಅಮ್ಮನಿಗೆ ಹೇಳಬೇಡ, ನನಗೊಂದು ಮೀಸೆ ಇರೋದು ಕಳ್ಸು ಅಂದ. ಫೈಲು ತೆರೆದು, ಮೇಲಿನ ಮಾಸ್ಕಿನಲ್ಲಿ ತುಟಿಯ ಮೇಲೆ ಕಪ್ಪು ಆಡಿಸಿ, ನೀಲಿ ಲೇಯರಿನ ಪಕ್ಕದ ಕಣ್ಣಿನ ಗುರುತು ಒತ್ತಿ ಆ ಲೇಯರ್ ಮರೆಮಾಡಿದೆ. ಹುರಿ ಮೀಸೆ ತುದಿ ಸಮೇತ ಬಂತು. ನಾಲ್ಕು ಆರಿನ ಸೈಜಿನಲ್ಲಿ ಎರಡು ಕಾಪಿ ಹಾಕಿಸಿದ್ದೇನೆ, ಒಂದು ನನಗೆ.